ಕನ್ನಡಕ್ಕೆ ಬಾರದ ಪುಟ

ಚೆನ್ನೈಯ ಗಿಂಡಿ ಬಡಾವಣೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಕರೆಂಟ್ ಮೀಟರುಗಳ ಒಳಗೆ ಕೂರಿಸುವ ಸರ್ಕ್ಯೂಟ್ ಬೋರ್ಡುಗಳನ್ನು ಮಾಡುವ ಕಾರ್ಖಾನೆ ಅದು. ನೀಲಿ ಕೋಟು ತೊಟ್ಟ ಅರವತ್ತು ಹುಡುಗಿಯರು ತಟ್ಟೆ ತೊಳೆದಿಟ್ಟು ಬಂದು ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ಎಲ್ಲರೂ ಕೊಳ್ಳೇಗಾಲ, ಹನೂರು, ಚಾಮರಾಜನಗರದ ಕಡೆಯವರು. ಹದಿನೆಂಟು ತುಂಬಿದ್ದೇ ತಡ, ಒಂದು ವರ್ಷದ ಟ್ರೈನಿಗಳಾಗಿ ಚೆನ್ನೈಗೆ ಬಂದಿದ್ದರು. ಅವರ ಎದುರು ನಿಂತ ಶಾಲಿನಿ ಅವರಿಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಅಷ್ಟೆ.

"ಇದರ ಹೆಸರು 'ಹತ್ತಿರ'," ಎಂದು ಅವಳು ತನ್ನ ಫೋನನ್ನು ಎತ್ತಿ ತೋರಿಸಿದಳು. "ನಿದ್ದೆ ಬರ್ಲಿಲ್ಲ, ಮನಸ್ಸಿಗೆ ಕಷ್ಟ ಆಯ್ತು, ಯಾರ ಹತ್ರನೂ ಹೇಳಕ್ಕೆ ಆಗ್ಲಿಲ್ಲ ಅಂದ್ರೆ ಇಲ್ಲಿ ಒತ್ತಿ. ಕನ್ನಡದಲ್ಲೇ ಮಾತಾಡಬಹುದು. ಬೇಕಾದ್ರೆ ಡಾಕ್ಟರೂ ವಿಡಿಯೋದಲ್ಲಿ ಬರ್ತಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಅಕ್ಕನ ಕನ್ನಡ ತಮಿಳ್ ತಮಿಳಾಗದೆ ಕಣೆ."

ಶಾಲಿನಿಯೂ ನಕ್ಕಳು. ಅಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬ ಸಣಕಲು ಹುಡುಗಿ ಎದ್ದು ನಿಂತಳು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಮೌನ ಎಂದು ಬರೆದಿತ್ತು.

"ಅಕ್ಕ, ಒಳಕ್ಕೋಗಾಕೆ ನಮ್ ಟೋಕನ್ ನಂಬರ್ ಯಾಕ್ ಕೇಳ್ತದೆ? ನಾವ್ ಹೇಳದ್ನೆಲ್ಲ ಸೂಪರ್‌ವೈಜರ್ ನೋಡಾಕಿಲ್ವಾ?"

"ಖಂಡಿತ ಇಲ್ಲ. ಹೊರಗಿನವರು ಯಾರೂ ನುಗ್ಗಬಾರ್ದು ಅಂತ ನಂಬರ್ ಕೇಳೋದು, ಅಷ್ಟೇ. ನೀವು ಹೇಳಿದ್ದು ನಿಮಗೆ, ಕೇಳ್ತಿರೋರಿಗೆ. ಮೂರನೇ ಕಿವಿಗೆ ಹೋಗಲ್ಲ."

"ಮಾತಂದ್ರೆ ಮಾತಾ?"

"ಮಾತು," ಎಂದಳು ಶಾಲಿನಿ.

ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. 'ಹತ್ತಿರ'ವನ್ನು ಕಟ್ಟಿದವರು ನಂದಿತಾ ಮೇಡಂ, ಮತ್ತು ನಂದಿತಾ ಮೇಡಂ ಇಲ್ಲದಿದ್ದರೆ ತಾನು ಇವತ್ತು ಹೀಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಶಾಲಿನಿಯದು ಮೂರು ತಲೆಮಾರಿನಿಂದ ಚೆನ್ನೈಯಲ್ಲಿರುವ ಕನ್ನಡದ ಮನೆ. ತಾತ ಪೆರಂಬೂರಿನ ರೈಲು ಕಾರ್ಖಾನೆಗೆಂದು ಬಂದವರು. ಅಪ್ಪ ಹರಿಹರ ವಿಮಾ ಕಚೇರಿಯಲ್ಲಿದ್ದು, ವೆಸ್ಟ್ ಮಾಂಬಲಂನ ಓಣಿಯೊಂದರಲ್ಲಿ ಫ್ಲ್ಯಾಟು ಕೊಂಡವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಕಾಲೇಜಿನ ಎರಡನೇ ವರ್ಷದಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಶಾಲಿನಿ ಇದ್ದಕ್ಕಿದ್ದಂತೆ ಹಾಸಿಗೆ ಬಿಟ್ಟು ಏಳದಂತಾದಳು. ಜ್ವರವಲ್ಲ, ನೋವಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಂತಾಗುತ್ತಿತ್ತು. ಹರಿಹರ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಒಂದು ಇಡ್ಲಿಯಾದ್ರೂ ತಿನ್ನು ಕಣ್ಣಮ್ಮಾ," ಎಂದು ಗೋಗರೆದು ಹೋಗುತ್ತಿದ್ದರು.

ಆಗ ಅವಳ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ನಂದಿತಾ ಮನೆಗೇ ಬಂದರು. ಮೈಸೂರಿನವರು. ಕುರ್ಚಿ ಕೊಟ್ಟರೂ ಕೂರದೆ ಮಂಚದ ಪಕ್ಕ ನೆಲದ ಮೇಲೆ ಕೂತು, "ನೀನು ಮಾತಾಡಬೇಕಾಗಿಲ್ಲ, ನಾನು ಸುಮ್ಮನೆ ಇರ್ತೀನಿ," ಎಂದರು. ವಾರಕ್ಕೆರಡು ಸಲ, ಮೂರು ತಿಂಗಳು. ಅಲ್ಲಿ ಶಾಲಿನಿ ಆಡಿದ ಮಾತುಗಳು ಅಪ್ಪನಿಗೆ ಇವತ್ತಿಗೂ ತಿಳಿಯವು. ಅವಳು ಎದ್ದಳು, ಓದಿದಳು, ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಿದಳು. ನಂದಿತಾ ಕಾಲೇಜು ಬಿಟ್ಟು ಈ ಆ್ಯಪ್ ಶುರು ಮಾಡಿದಾಗ ಮೊದಲು ಕರೆದದ್ದು ಅವಳನ್ನೇ. "ಊರು ಬಿಟ್ಟು ಬಂದ ಹುಡುಗೀರಿಗೆ ಅವರ ಭಾಷೆಯಲ್ಲಿ ಕೇಳೋರು ಯಾರೂ ಇಲ್ಲ ಶಾಲಿನಿ. ದೊಡ್ಡ ಆಸ್ಪತ್ರೆಗೆ ಅವರು ಹೋಗಲ್ಲ. ನಾವು ಹೋಗೋಣ," ಎಂದಿದ್ದರು.

ತಮಿಳಿನಲ್ಲಿ ತಯಾರಾಗಿದ್ದ ಆ್ಯಪನ್ನು ಕನ್ನಡಕ್ಕೆ ತಂದವಳು ಶಾಲಿನಿ. 'ಹತ್ತಿರ' ಎಂಬ ಹೆಸರೂ ಅವಳದೇ. ಒಂದು ತಿಂಗಳು ದಿನಾ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಅವಳು 'ಆತಂಕದ ಲಕ್ಷಣಗಳು' ಎಂದು ಬರೆದರೆ ಹರಿಹರ ಮೂಗು ಮುರಿಯುತ್ತಿದ್ದರು. "ಯಾರಿಗಮ್ಮಾ ಅರ್ಥವಾಗತ್ತೆ ಅದು? ನಿಮ್ಮಜ್ಜಿ, ನಿಮ್ ಪಾಟಿ, 'ಎದೆ ಡವಡವ ಅನ್ನತ್ತೆ' ಅಂತಿದ್ರು. ಹಾಗೇ ಹಾಕು."

ಒಂದು ಪುಟ ಮಾತ್ರ ಅವಳ ಕೈಗೆ ಬರಲಿಲ್ಲ. ಆ್ಯಪ್ ತೆರೆದೊಡನೆ ಬರುವ ಒಪ್ಪಿಗೆಯ ಪುಟ. ಬೆರಳಿನಿಂದ ತಳ್ಳಿದಷ್ಟೂ ಮುಗಿಯದ, ಸಣ್ಣ ಅಕ್ಷರದ ಇಂಗ್ಲಿಷು. ಕೇಳಿದ್ದಕ್ಕೆ ನಂದಿತಾ, "ಅದು ವಕೀಲರ ಭಾಷೆ. ಒಂದು ಪದ ಹೆಚ್ಚುಕಮ್ಮಿ ಆದ್ರೂ ತೊಂದರೆ ಅಂತಾರೆ. ಇಂಗ್ಲಿಷಲ್ಲೇ ಇರಲಿ, ಕೆಳಗಿನ ಬಟನ್ ಮಾತ್ರ ಕನ್ನಡ ಮಾಡು," ಎಂದರು. ಶಾಲಿನಿ 'ಒಪ್ಪಿದ್ದೇನೆ' ಎಂದು ಬರೆದುಕೊಟ್ಟಳು. ಆ ಪುಟವನ್ನು ತಾನೂ ಓದಲಿಲ್ಲ. ಮೇಡಂ ಓದಿರುತ್ತಾರಲ್ಲ ಎಂದುಕೊಂಡಳು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತಾಡಿ ಬಂದ ಮೂರನೇ ವಾರ ಒಂದು ಕರೆ ಬಂತು. ಕನ್ನಡದ ಕರೆಗಳನ್ನು ಸಂಜೆ ಹೊತ್ತು ಅವಳೇ ತೆಗೆದುಕೊಳ್ಳುತ್ತಿದ್ದಳು. ಪರದೆಯ ಮೇಲೆ ಹೆಸರು ಕಾಣುವುದಿಲ್ಲ. ಆದರೂ ಮೊದಲ ಮಾತಿಗೇ ಅವಳಿಗೆ ಗೊತ್ತಾಯಿತು, ಅಂದು ಎದ್ದು ನಿಂತು ಮಾತು ತೆಗೆದುಕೊಂಡ ಹುಡುಗಿ ಇವಳೇ ಎಂದು.

"ಆ ಗಾಜಿನ ರೂಮದಲ್ಲ ಅಕ್ಕ, ದೂಳು ಬರ್ದಂಗೆ ಮುಚ್ಚಿರ್ತಾರಲ್ಲ, ಅಲ್ಲಿ ನನ್ ಕೆಲ್ಸ. ಮೂತಿ ಕಟ್ಕಂಡು, ಟೋಪಿ ಹಾಕ್ಕಂಡು ನಿಂತಿರ್ತೀನಿ. ಒಂದೊತ್ನಲ್ಲಿ ಎದೆ ಮ್ಯಾಲೆ ಯಾರೋ ಕುಂತಂಗಾಯ್ತದೆ. ಉಸ್ರೇ ಬರಾಕಿಲ್ಲ. ಸತ್ತೋಯ್ತೀನಿ ಅನ್ನಿಸ್ಬುಡ್ತದೆ. ಟಾಯ್ಲೆಟ್‌ಗೋಗಿ ನಲ್ಲಿ ನೀರ್ ಬುಟ್ಕಂಡು ಕುಂತ್ಕತೀನಿ."

"ಮನೇಲಿ ಯಾರಿಗಾದ್ರೂ ಹೇಳಿದ್ದೀಯಾ?"

"ನಮ್ಮೂರಿಂದ ಆಚೆ ಬಂದ ಮೊದಲ್ನೇ ಹೆಣ್ಮಗಳು ಕಣಕ್ಕ ನಾನು. ಏನಂತ ಹೇಳ್ಲಿ?"

ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರಿದ್ದುದರಿಂದ ಅವಳು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು ಮಾತಾಡುತ್ತಿದ್ದಳು. ಟ್ಯಾಂಕು ತುಂಬಿ ಸುರಿಯುವ ಸದ್ದು ಶಾಲಿನಿಗೆ ಕೇಳಿಸುತ್ತಿತ್ತು. ಶಾಲಿನಿ ಅವಳಿಗೆ ಉಸಿರನ್ನು ಎಣಿಸಿ ಬಿಡುವುದನ್ನು ಹೇಳಿಕೊಟ್ಟಳು. ಅಂಗಾಲಿನ ಕೆಳಗಿನ ನೆಲವನ್ನು ಒತ್ತಿ ನೋಡು ಎಂದಳು. ವಿಡಿಯೋದಲ್ಲಿ ಬಂದ ಡಾಕ್ಟರು, ಇದು ಹೃದಯದ ಕಾಯಿಲೆಯಲ್ಲ, ಗಾಬರಿಯ ಕಾಯಿಲೆ, ಎಷ್ಟೋ ಜನಕ್ಕೆ ಬರುತ್ತದೆ, ವಾಸಿಯಾಗುತ್ತದೆ ಎಂದು ಬಿಡಿಸಿ ಹೇಳಿದರು. ಮೌನಳಿಗೆ ಅರ್ಧ ಗಾಬರಿ ಆ ಮಾತಿಗೇ ಇಳಿಯಿತು. ತನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದಳು.

ಎರಡು ತಿಂಗಳ ಮೇಲೆ ಒಂದು ಸಂಜೆ ಕರೆ ಬಂದಾಗ ದನಿಯೇ ಬೇರೆಯಾಗಿತ್ತು. "ಅಕ್ಕ, ಈ ವಾರ ಪೂರ್ತಿ ಶಿಫ್ಟ್ ನಿಂತೆ. ಒಂದ್ಸಲಾನೂ ಟಾಯ್ಲೆಟ್‌ಗೆ ಓಡ್ಲಿಲ್ಲ. ಸೂಪರ್‌ವೈಜರು ನನ್ ಬೋರ್ಡೆಲ್ಲ ನೋಡಿ, ಒಂದೂ ವಾಪಸ್ ಬಂದಿಲ್ಲ ಅಂದ್ರು."

ಅಂದು ಶಾಲಿನಿ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುವಾಗ ದಾರಿಯಲ್ಲಿ ಅಪ್ಪನಿಗೆಂದು ಬಿಸಿ ಬಿಸಿ ಬಜ್ಜಿ ಕಟ್ಟಿಸಿಕೊಂಡಳು. ಏನು ವಿಶೇಷ ಎಂದು ಹರಿಹರ ಕೇಳಿದರೆ ಸುಮ್ಮನೆ ನಕ್ಕಳು. ಹೆಸರು ಹೇಳುವ ಹಾಗಿರಲಿಲ್ಲ.

ಮೌನ ಸುಮ್ಮನಿರಲಿಲ್ಲ. ತನಗೆ ಆದ ಒಳ್ಳೆಯದನ್ನು ಕೋಣೆಯ ಗೆಳತಿಯರಿಗೆ ಹೇಳಿದಳು. "ಆ ಅಕ್ಕ ಒಳ್ಳೇರು, ಯಾರ್ಗೂ ಹೇಳಾಕಿಲ್ಲ, ನೀವೂ ಮಾತಾಡಿ," ಎಂದಳು. ಒಬ್ಬಳು ಬಿಟ್ಟುಬಂದ ತಂಗಿಯನ್ನು ನೆನೆದು ಊಟ ಬಿಟ್ಟಿದ್ದಳು. ಇನ್ನೊಬ್ಬಳು ಕೈ ಕೊಯ್ದುಕೊಂಡಿದ್ದಳು. ಮೂವರೂ ಬಂದರು, ಪಕ್ಕದ ಕೋಣೆಯಿಂದಲೂ ಬಂದರು. ಕನ್ನಡದ ಕರೆಗಳು ಹೆಚ್ಚಾದವೆಂದು ನಂದಿತಾ ಎಲ್ಲರ ಮುಂದೆ ಶಾಲಿನಿಯ ಬೆನ್ನು ತಟ್ಟಿದರು.

ವರ್ಷ ತುಂಬಿತು. ಕಾರ್ಖಾನೆಯವರು ಖಾಯಂ ಮಾಡಿಕೊಳ್ಳುವವರ ಪಟ್ಟಿಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದರು. ಅರವತ್ತರಲ್ಲಿ ಐವತ್ತೊಂದು ಹೆಸರಿದ್ದವು. ಉಳಿದ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಕರೆದು ಇಂಗ್ಲಿಷಿನ ಒಂದು ಕಾಗದ ಕೊಟ್ಟರು. ಆರೋಗ್ಯದ ಕಾರಣದಿಂದ ಈ ಕೆಲಸಕ್ಕೆ ತಕ್ಕವರಲ್ಲ ಎಂದು ಅದರ ಅರ್ಥ.

ಆ ಸಂಜೆಯೇ ಕರೆ ಬಂತು.

"ಅಕ್ಕ, ನಾನು ಮೌನ." ಅವಳು ಅಲ್ಲಿಯವರೆಗೆ ಒಮ್ಮೆಯೂ ಹೆಸರು ಹೇಳಿರಲಿಲ್ಲ. "ನಮ್ ರೂಮ್ನಲ್ಲಿ ನಾಕ್ ಜನದ್ದೂ ಹೆಸ್ರಿಲ್ಲ. ಪಕ್ಕದ ರೂಮ್ನಲ್ಲಿ ಐದ್ ಜನ. ಲೈನಲ್ಲಿ ಎರಡ್ಸಲ ತಲೆ ತಿರುಗಿ ಬಿದ್ದೋಳ ಹೆಸ್ರು ಪಟ್ಟೀಲದೆ. ಅವಳು ಆ್ಯಪ್ ಮುಟ್ಟಿಲ್ಲ. ಮುಟ್ದೋರು ನಾವೊಂಬತ್ತೇ ಜನ. ನೀವು ಹೇಳುದ್ರಾ?"

"ಇಲ್ಲ ಮೌನ. ದೇವರಾಣೆ ನಾನು ಯಾರಿಗೂ ಹೇಳಿಲ್ಲ."

"ನಮ್ ರೂಮ್ನೋರ್ ಬುಟ್ರೆ ನಂಗಿದ್ದಿದ್ದು ನಿಮ್ಗೆ ಮಾತ್ರ ಗೊತ್ತಿದ್ದದ್ದು."

"ನಾಳೆ ವಿಚಾರಿಸ್ತೀನಿ. ಏನೋ ತಪ್ಪಾಗಿರಬೇಕು."

ಆ ಕಡೆ ಫೋನು ಇಟ್ಟಾಗಿತ್ತು.

ಮರುದಿನ ಶಾಲಿನಿ ಆಫೀಸಿಗೆ ಹೋದವಳೇ ಅಮಿತ್‌ನ ಮೇಜಿನ ಬಳಿ ನಿಂತಳು. ಆ್ಯಪಿನ ತಾಂತ್ರಿಕ ಕೆಲಸವೆಲ್ಲ ಅವನದು. ಮಂಡ್ಯದವನು, ಯಾರ ತಂಟೆಗೂ ಹೋಗದವನು.

"ಅಮಿತ್, ಕಾರ್ಖಾನೆಗೆ ನಾವು ಏನಾದ್ರೂ ಕಳಿಸ್ತೀವಾ?"

"ತಿಂಗಳ ರಿಪೋರ್ಟು. ಯಾಕೆ?"

"ತೋರಿಸು."

ಅವನು ತೆರೆದು ತೋರಿಸಿದ. ಟೋಕನ್ ನಂಬರು, ಅದರ ಮುಂದೆ ಹೆಸರು, ಎಷ್ಟು ಸಲ ಕರೆ ಮಾಡಿದರು, ಯಾವ ಕಾರಣಕ್ಕೆ ಎಂಬುದಕ್ಕೆ ಒಂದೊಂದೇ ಪದ. ಕೊನೆಯಲ್ಲಿ ಬಣ್ಣ. ಒಂಬತ್ತು ಸಾಲುಗಳು ಕೆಂಪಗಿದ್ದವು. ಮೌನಳ ಸಾಲಿನಲ್ಲಿ ಇಪ್ಪತ್ತಾರು ಕರೆ, ಗಾಬರಿ ಎಂದಿತ್ತು. ಇಪ್ಪತ್ತಾರು ಸಲ ಕರೆ ಮಾಡಿದ್ದರಿಂದಲೇ ಅವಳು ಗುಣವಾಗಿದ್ದಳು. ಅದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ.

"ನಿನಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ," ಎಂದ ಅಮಿತ್, ಅವಳ ಮುಖ ನೋಡಿ ದನಿ ತಗ್ಗಿಸಿ. "ಒಪ್ಪಿಗೆ ಪುಟದಲ್ಲಿ ಬರೆದಿದೆಯಲ್ಲ."

"ನಮ್ಮ ಆ್ಯಪ್ ಬಳಸೋ ಇನ್ನೊಂದು ಕಡೆ ಇದೆಯಲ್ಲ, ಆ ಸಾಫ್ಟ್‌ವೇರ್ ಕಂಪನಿ, ಅವರಿಗೂ ಹೀಗೇ ಹೋಗತ್ತಾ?"

ಅಮಿತ್ ಇನ್ನೊಂದು ಫೈಲು ತೆರೆದ. "ಇಲ್ಲ. ಅವರಿಗೆ ಹೆಸರು ಹೋಗಲ್ಲ. ಒಟ್ಟು ಎಷ್ಟು ಜನ ಬಳಸಿದ್ರು ಅಂತ ಮಾತ್ರ. ಅವರ ಕಡೆ ವಕೀಲರು ಮೊದಲ ದಿನವೇ ಆ ಪುಟ ಓದಿ ಆ ಸಾಲನ್ನ ಹೊಡೆದುಹಾಕಿಸಿದ್ರು."

"ಅದೇ ಆ್ಯಪು. ಅದೇ ಡಾಕ್ಟರು."

"ಹೂಂ. ಅವರು ಓದ್ತಾರೆ, ಕೇಳ್ತಾರೆ. ಇವರು..." ಎಂದವನು ಫೈಲನ್ನು ಮುಚ್ಚಿದ.

ನಂದಿತಾ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಶಾಲಿನಿಯನ್ನು ಕಂಡು ಎಂದಿನಂತೆ ಮುಖ ಅರಳಿಸಿದರು. "ಬಾ, ಕೂತ್ಕೋ. ಯಾಕೆ ಹೀಗಿದ್ದೀಯ?"

ಶಾಲಿನಿ ಕೂರಲಿಲ್ಲ. "ಮೇಡಂ, ಕಾರ್ಖಾನೆಗೆ ಹೆಸರು ಹೋಗತ್ತೆ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದೆಂದು ಅವಳು ಕಾದಳು. ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದಳು. ನಂದಿತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿತ್ತು. ಅದಿಲ್ಲದೆ ಅವರು ನಮ್ಮನ್ನ ಗೇಟಿನೊಳಗೇ ಬಿಡ್ತಿರಲಿಲ್ಲ. ಲೈನಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ಹೊಣೆ ನಮ್ಮದು, ನಮಗೆ ಮೊದಲೇ ತಿಳೀಬೇಕು ಅಂದ್ರು. ಕೆಲಸದಿಂದ ತೆಗೀತಾರೆ ಅಂತ ನಾನೂ ಅಂದ್ಕೊಂಡಿರಲಿಲ್ಲ."

"ಈಗ ಗೊತ್ತಾಯ್ತಲ್ಲ. ನಿಲ್ಲಿಸ್ತೀರಾ?"

"ಇನ್ನೂ ಏಳು ಕಾರ್ಖಾನೆ ಜೊತೆ ಮಾತಾಗ್ತಿದೆ ಶಾಲಿನಿ. ಸಾವಿರಾರು ಹುಡುಗೀರು. ನಾವು ಬಿಟ್ರೆ ಅವರಿಗೆ ಯಾರಿದ್ದಾರೆ ಹೇಳು? ಒಂಬತ್ತು ಜನಕ್ಕೆ ಹೀಗಾಯ್ತು ಅಂತ ಎಲ್ಲ ಮುಚ್ಚಿಬಿಡಲಾ?"

ಶಾಲಿನಿಯ ಮನಸ್ಸು ಬೇರೆಯದೇ ಒಂದರಲ್ಲಿ ಸಿಕ್ಕಿಹಾಕಿಕೊಂಡಿತ್ತು. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವತ್ತು ಕ್ಯಾಂಟೀನಲ್ಲಿ ನೀನು ಹಾಗೆ ಮಾತಾಡ್ತಿದ್ಯಾ?" ಎಂದರು ನಂದಿತಾ, ಪಾಠದಲ್ಲಿ ಸುಲಭದ ವಿಷಯ ವಿವರಿಸುವಂತೆ. "ನೀನು ಮನಸಾರೆ ನಂಬಿ ಹೇಳ್ತೀಯ, ಅದಕ್ಕೇ ಅವರೂ ನಂಬ್ತಾರೆ. ನಿನ್ನ ಕಳಿಸಿದ್ದೇ ಅದಕ್ಕೆ."

ಕೆಳಗೆ ಬೀದಿಯಲ್ಲಿ ಬಸ್ಸೊಂದು ಹಾರನ್ನು ಒತ್ತಿ ಹಿಡಿದಿತ್ತು. ಶಾಲಿನಿ ಹೋಗಿ ಕಿಟಕಿ ಮುಚ್ಚಿ ಬಂದಳು.

"ನಾನು ಆ ಹುಡುಗೀರಿಗೆ ಹೋಗಿ ಹೇಳ್ತೀನಿ," ಎಂದಳು ಶಾಲಿನಿ.

ನಂದಿತಾರ ದನಿ ಮೆತ್ತಗಾಯಿತು. ಐದು ವರ್ಷದ ಹಿಂದೆ ಮಂಚದ ಪಕ್ಕ ಕೂತು ಆಡಿದ ಅದೇ ದನಿ. "ನಿದ್ದೆ ಸರಿಯಾಗಿ ಆಗ್ತಿದೆಯಾ ನಿನಗೆ? ನೋಡು, ಹಿಂದೆ ನೀನು ಹೇಗಿದ್ದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇಂಥ ಹೊತ್ತಲ್ಲಿ ದುಡುಕಬೇಡ. ನಾಳೆ ಯಾರಾದ್ರೂ ಬಂದು, ಈ ಹುಡುಗಿ ಮಾತನ್ನ ಎಷ್ಟರಮಟ್ಟಿಗೆ ನಂಬಬಹುದು ಅಂತ ಕೇಳಿದ್ರೆ, ನಾನು ಏನು ಹೇಳಲಿ?"

ಶಾಲಿನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಆ ಮೂರು ತಿಂಗಳಲ್ಲಿ ತಾನು ಇವರ ಮುಂದೆ ಬಿಚ್ಚಿಟ್ಟದ್ದನ್ನೆಲ್ಲ, ಅಮ್ಮನ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತದ್ದನ್ನು, ಮಹಡಿಯ ಅಂಚಿನವರೆಗೆ ಹೋಗಿ ಬಂದ ಆ ಒಂದು ಮಧ್ಯಾಹ್ನವನ್ನು, ಇವರು ಮರೆತಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಬೇಕಾದಾಗ ತೆಗೆಯುತ್ತಾರೆ.

ಅವಳು ಕುತ್ತಿಗೆಯಿಂದ ಆಫೀಸಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಗಿಂಡಿ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತಳು. ಎರಡು ರೈಲು ಬಿಟ್ಟು ಮೂರನೆಯದಕ್ಕೆ ಹತ್ತಿದಳು.

ಮನೆಗೆ ಬಂದು ಆ ಪುಟವನ್ನು ಮೊದಲ ಸಲ ಓದಿದಳು. ಮೇಲಿನಿಂದ ಕೆಳಗೆ, ಒಂದು ಸಾಲೂ ಬಿಡದೆ. ಮುದ್ರಿಸಿದರೆ ಹದಿಮೂರು ಹಾಳೆ. ಏಳನೇ ಹಾಳೆಯ ನಡುವಿನಲ್ಲಿ ಅದಿತ್ತು. ಬಳಕೆದಾರರ ಮಾಹಿತಿಯನ್ನು ಗುರುತಿನ ಸಮೇತ ಉದ್ಯೋಗದಾತರಿಗೆ ಕೊಡಬಹುದು, ಅವರು ಅದನ್ನು ತಮ್ಮ ತೀರ್ಮಾನಗಳಿಗೆ ಬಳಸಿಕೊಳ್ಳಬಹುದು. ಹರಿಹರ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಮಗಳು ಅಳುವುದು ನಿಲ್ಲುವವರೆಗೆ ಕಾದು, "ಆ ಅಮ್ಮ ಹೀಗೆ ಮಾಡಿದ್ದು ದೊಡ್ಡ ತಪ್ಪು ಕಣ್ಣಮ್ಮಾ," ಎಂದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಆದ್ರೆ ನೀನೂ ಓದ್ಲಿಲ್ವಾ?"

"ಓದ್ಲಿಲ್ಲ ಅಪ್ಪ."

ಇಬ್ಬರೂ ಸೇರಿ ಹದಿಮೂರು ಹಾಳೆಯನ್ನೂ ಕನ್ನಡ ಮಾಡಿದರು. ಮೂರು ದಿನ ಹಿಡಿಯಿತು.

ಭಾನುವಾರ ವಾರ್ಡನ್ ಅವಳನ್ನು ಹಾಸ್ಟೆಲಿನೊಳಗೆ ಬಿಡಲಿಲ್ಲ. ಹುಡುಗಿಯರೇ ಹೊರಗೆ ಬಂದರು. ಓಣಿಯ ತುದಿಯಲ್ಲಿ ಬಾಗಿಲು ಹಾಕಿದ್ದ ಲೇತ್ ಅಂಗಡಿಯ ಜಗಲಿಯ ಮೇಲೆ ಒಂಬತ್ತರಲ್ಲಿ ಎಂಟು ಜನ ಕೂತರು, ಇನ್ನಿಪ್ಪತ್ತು ಮಂದಿ ಸುತ್ತ ನಿಂತರು. ಶಾಲಿನಿ ಏಳನೇ ಹಾಳೆಯನ್ನು ಓದಿದಳು. ಒಬ್ಬಳು ಇನ್ನೊಮ್ಮೆ ಓದಿ ಎಂದಳು. ಇನ್ನೊಮ್ಮೆ ಓದಿದಳು.

"ನಾವು 'ಒಪ್ಪಿದ್ದೇನೆ' ಅಂತ ಒತ್ತಿದ್ದು ಇದ್ಕಾ?"

"ಇದಕ್ಕೇ."

"ಆ ಬಟನ್ ಮಾತ್ರ ಕನ್ನಡದಲ್ಲಿತ್ತು," ಎಂದಳು ಮೌನ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ಕೂತಿರಲಿಲ್ಲ.

"ಅದನ್ನ ಬರೆದವಳು ನಾನೇ. ಈ ಪುಟವನ್ನ ಓದದೇ ನಿಮಗೆ ಮಾತು ಕೊಟ್ಟೆ. ನಾನು ಯಾರಿಗೂ ಹೇಳಿಲ್ಲ ಅನ್ನೋದು ನಿಜ. ಆದ್ರೆ ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದವಳು ನಾನು."

ಕೈ ಕೊಯ್ದುಕೊಂಡಿದ್ದ ಹುಡುಗಿ ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಮೌನಳ ಕಡೆ ತಿರುಗಿದಳು. "ನೀನಲ್ವ ನಮ್ಗೇಳಿದ್ದು? ಆ ಅಕ್ಕ ಒಳ್ಳೇರು, ಮಾತಾಡಿ ಅಂತ? ನಮ್ಮಪ್ಪಂಗೆ ಈಗೇನೇಳ್ಲಿ?"

ಮೌನ ತಲೆ ತಗ್ಗಿಸಿದಳು. ತನಗೆ ಸಲ್ಲಬೇಕಾದ ಬೈಗುಳವನ್ನು ಮೌನ ಹೊರುತ್ತಿರುವುದನ್ನು ನೋಡಿ ಶಾಲಿನಿ, "ಅವಳ ತಪ್ಪಿಲ್ಲ," ಎಂದಳು. ಯಾರೂ ಕಿವಿಗೊಡಲಿಲ್ಲ.

ಆದರೂ ಅವತ್ತು ಅಲ್ಲಿಯೇ ಕೂತು ದೂರು ಬರೆದರು. ಒಂಬತ್ತು ಜನರೂ ಸಹಿ ಹಾಕಿದರು. ಆ್ಯಪಿನ ಕೆಲಸದಲ್ಲಿದ್ದವಳು ಎಂದು ಶಾಲಿನಿ ತನ್ನ ಪೂರ್ತಿ ಹೆಸರು, ವಿಳಾಸ ಬರೆದು ಸಹಿ ಮಾಡಿದಳು. ಸೋಮವಾರ ಕಾರ್ಮಿಕ ಇಲಾಖೆಯ ಕಚೇರಿಗೆ ಅದನ್ನು ಅವಳೇ ಒಯ್ದು ಕೊಟ್ಟು, ತಮಿಳಿನಲ್ಲಿ ವಿವರಿಸಿ, ಮೊಹರು ಹಾಕಿಸಿಕೊಂಡು ಬಂದಳು.

ಬುಧವಾರ ಮೌನಳ ತಂದೆ ತಮ್ಮಯ್ಯ ಮಗಳನ್ನು ಕರೆದೊಯ್ಯಲು ಬಂದ. ಹಾಸ್ಟೆಲಿನ ಗೇಟಿನ ಬಳಿ, ಬಿಳಿ ಪಂಚೆ ಉಟ್ಟು, ಕೈಚೀಲ ಹಿಡಿದು ನಿಂತಿದ್ದ. ದೂರಿನ ಪ್ರತಿ ಕೊಡಲೆಂದು ಬಂದ ಶಾಲಿನಿಯನ್ನು ಯಾರೋ ತೋರಿಸಿದರು. ಆತ ಕೈಮುಗಿದ.

"ನೀವೇನವ್ವ ನಮ್ ಹೆಣ್ಗೆ ಫೋನಲ್ಲಿ ಧೈರ್ಯ ಹೇಳ್ತಿದ್ದೋರು? ಹೇಳ್ತಿದ್ಲು. ಪುಣ್ಯ ಬರ್ಲಿ." ಜೇಬಿನಿಂದ ಮಡಿಸಿದ ಆ ಇಂಗ್ಲಿಷ್ ಕಾಗದ ತೆಗೆದ. "ಇದ್ರಲ್ಲಿ ಏನ್ ಬರ್ದವ್ರೆ ವಸಿ ಓದ್ಹೇಳಿ. ಇವ್ಳು ಕೇಳುದ್ರೆ ಬಾಯೇ ಬುಡಾಕಿಲ್ಲ."

ಮೌನ ಎರಡು ಹೆಜ್ಜೆ ಆಚೆ, ಟ್ರಂಕಿನ ಮೇಲೆ ಕೂತಿದ್ದಳು. ಶಾಲಿನಿ ಅವಳ ಕಡೆ ನೋಡಿದಳು. ಅವಳು ಬೇರೆಲ್ಲೋ ನೋಡುತ್ತಿದ್ದಳು.

"ಆರೋಗ್ಯ ಸರಿಯಿಲ್ಲ, ಕೆಲಸಕ್ಕೆ ಆಗಲ್ಲ ಅಂತ ಬರೆದಿದ್ದಾರೆ. ಅದು ಸುಳ್ಳು."

"ಏನಾಗದೆ ಮಗೀಗೆ?" ತಮ್ಮಯ್ಯ ದನಿ ತಗ್ಗಿಸಿದ. "ಆಪೀಸ್ನೋರು ತಲೆ ಕಡೆ ಬೆರಳು ಮಾಡಿ ತೋರ್ಸುದ್ರು. ಹುಚ್ಚಾ ಅವ್ವ?"

"ಅಲ್ಲ. ಹುಚ್ಚಲ್ಲ. ಗಾಬರಿ ಆಗ್ತಿತ್ತು, ಧೈರ್ಯವಾಗಿ ಸಹಾಯ ಕೇಳಿದಳು, ವಾಸಿಯಾದಳು. ಕೊನೇ ನಾಲ್ಕು ತಿಂಗಳು ಒಂದು ದಿನ ಕೂಡ ಕೆಲಸ ತಪ್ಪಿಸಿಲ್ಲ."

"ವಾಸಿಯಾದ್ಮ್ಯಾಲೆ ಯಾಕ್ ತಗುದ್ರು?"

"ಸಹಾಯ ಕೇಳಿದ್ದು ಅವರಿಗೆ ಗೊತ್ತಾಯ್ತು."

"ಯಾರ್ ಹೇಳುದ್ರು ಅವ್ರ್ಗೆ?"

ಶಾಲಿನಿ ಎಲ್ಲವನ್ನೂ ಹೇಳಿದಳು. ಆ್ಯಪು, ಪುಟ, ತಾನು ಕೊಟ್ಟ ಮಾತು. ತಮ್ಮಯ್ಯನಿಗೆ ಎಷ್ಟು ತಿಳಿಯಿತೋ ಗೊತ್ತಾಗಲಿಲ್ಲ. ಕೊನೆಗೆ ಆತ ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಈ ಸಲ ಕೈಮುಗಿಯಲಿಲ್ಲ. "ಏಳವ್ವ, ಹೊತ್ತಾಯ್ತದೆ," ಎಂದು ಮಗಳಿಗೆ ಹೇಳಿ ಟ್ರಂಕನ್ನು ಹೆಗಲಿಗೇರಿಸಿದ.

ದೂರಿನಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ಎರಡು ತಿಂಗಳ ಮೇಲೆ ಅಧಿಕಾರಿಗಳು ಎರಡೂ ಕಡೆಯವರನ್ನು ಕರೆಸಿದರು. ಹುಡುಗಿಯರು ಒಪ್ಪಿಗೆ ಕೊಟ್ಟಿದ್ದಾರೆ ಎಂದು ಕಾರ್ಖಾನೆಯವರು ವಾದಿಸಿದರು. ನಂದಿತಾ ಬರಲಿಲ್ಲ, ವಕೀಲರನ್ನು ಕಳಿಸಿದರು. ಸಾಕ್ಷಿ ಹೇಳಿದ ಮಾಜಿ ಉದ್ಯೋಗಿ ಹಿಂದೆ ಮಾನಸಿಕ ಚಿಕಿತ್ಸೆಯಲ್ಲಿದ್ದವಳು ಎಂದು ಆ ವಕೀಲರು ಎಲ್ಲರ ಮುಂದೆ ಓದಿದರು. ಪಕ್ಕದಲ್ಲಿ ಕೂತಿದ್ದ ಹರಿಹರ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹೌದು, ಇದ್ದೆ," ಎಂದಳು ಶಾಲಿನಿ. "ಆವಾಗ ಹೇಳಿದ್ದನ್ನ ಈಗ ನಿಮಗೆ ಹೇಳಿದವರು ಯಾರು, ಅದನ್ನೂ ಬರೆದುಕೊಳ್ಳಿ." ಅಧಿಕಾರಿ ತಲೆ ಎತ್ತಿ ನೋಡಿ, ಬರೆದುಕೊಂಡರು.

ಕೊನೆಗೆ ಒಂಬತ್ತು ಜನರನ್ನೂ ಮತ್ತೆ ಪರೀಕ್ಷಿಸಿ ತೆಗೆದುಕೊಳ್ಳಬಹುದೆಂದಾಯಿತು. ಕಾರ್ಖಾನೆಯ ಡಾಕ್ಟರ ಮುಂದೆ ಕೂತು ತಮಗೆ ಏನಾಗಿತ್ತೆಂದು ಮೊದಲಿನಿಂದ ಹೇಳಬೇಕು. ಐವರು ಹೋದರು, ಐವರಿಗೂ ಕೆಲಸ ಸಿಕ್ಕಿತು. ನಾಲ್ವರು ಬರಲಿಲ್ಲ. ಕಾರ್ಖಾನೆ 'ಹತ್ತಿರ'ವನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಆ ವರ್ಷ ಹೊಸದಾಗಿ ಬಂದ ಟ್ರೈನಿಗಳಿಗೆ ಹಳಬರು, ಫೋನಿನಲ್ಲಿ ಯಾರಾದರೂ ಕಷ್ಟ ಕೇಳಿದರೆ ಚೆನ್ನಾಗಿದ್ದೀನಿ ಅನ್ನಿ ಎಂದು ಹೇಳಿಕೊಟ್ಟರಂತೆ.

ಬರದ ನಾಲ್ವರಲ್ಲಿ ಮೌನ ಒಬ್ಬಳು. ಶಾಲಿನಿ ಒಂದು ಬೆಳಿಗ್ಗೆ ಅವಳ ಮನೆಯ ನಂಬರಿಗೆ ಫೋನು ಮಾಡಿದಳು. ತಾಯಿ ಬೋರಮ್ಮ ಎತ್ತಿದಳು.

"ಮದ್ರಾಸಿನ ಅಕ್ಕನಾ? ಏನೇಳ್ಲಿ ಅವ್ವ, ಬಸ್ಸತ್ತಾಕೆ ಬರಾಕಿಲ್ಲ ಅಂತಾಳೆ. ಮೊನ್ನೆ ಸಂತೇಲಿ ಕುಸ್ದು ಕುಂತ್ಕಬುಟ್ಲು. ಆಸ್ಪತ್ರೆಗೆ ಬಾ ಅಂದ್ರೆ, ಅಲ್ಲೂ ಹೆಸ್ರು ಬರ್ಕತಾರೆ ಅಂತಾಳೆ."

ಆ ಗಾಬರಿ ಮರಳಿ ಬಂದಿತ್ತು. ಶಾಲಿನಿ ಅವರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಟ್ಟುಕೊಂಡಿದ್ದಳು. ಅದನ್ನು ಹೇಳಿದಳು. ಮಂಗಳವಾರ, ಹನ್ನೊಂದು ಗಂಟೆಗೆ. "ಮಂಗ್ಳಾರ, ಅನ್ನೊಂದ್ಗಂಟೆ," ಎಂದು ಬೋರಮ್ಮ ಎರಡು ಸಲ ಹೇಳಿಕೊಂಡಳು.

ಹಿಂದಿನಿಂದ ಒಂದು ದನಿ ಕೇಳಿತು. "ಯಾರವ್ವ ಅದು?"

ಫೋನು ಕೈ ಬದಲಾಯಿತು. ಮೌನಳ ಉಸಿರು ಕೇಳುತ್ತಿತ್ತು. ತಾನು ಕಲಿಸಿದ ಹಾಗೆ ಎಣಿಸಿ ಬಿಡುತ್ತಿದ್ದಾಳೋ, ಸುಮ್ಮನೆ ಏದುತ್ತಿದ್ದಾಳೋ ಶಾಲಿನಿಗೆ ತಿಳಿಯಲಿಲ್ಲ.

"ಅಕ್ಕ, ನೀವು ಕೆಟ್ಟೋರಲ್ಲ ಅಂತ ಗೊತ್ತು," ಎಂದಳು ಮೌನ. "ಆದ್ರೆ ಇನ್ಮ್ಯಾಲೆ ನಂಗೆ ಫೋನ್ ಮಾಡ್ಬ್ಯಾಡಿ."

"ಸರಿ ಮೌನ. ಮಾಡಲ್ಲ. ಮಂಗಳವಾರ ಮಾತ್ರ ಅಮ್ಮನ ಜೊತೆ..."

ಅಷ್ಟರಲ್ಲಿ ಫೋನು ಕಟ್ಟಾಯಿತು.